ತರ್ಜುಮೆ ಡಾಕ್ಟರು

ನಮ್ಮ ಮಾಮಾ, ಅಂದರೆ ನನ್ನ ಅವ್ವನ ತಮ್ಮ, ಡಾಕ್ಟರಾಗಿದ್ದರು. ಅವರ ಕೈಯಲ್ಲಿ ಸಾಯಬೇಕೆಂದು ಆಸೆಪಟ್ಟವರಿಗೂ ಚಿತ್ತಾಪುರದಲ್ಲಿ ಆ ಭಾಗ್ಯ ಸಿಗಲಿಲ್ಲ! ಯಾಕೆಂದರೆ ಮಾಮಾ ಯಾರ ನಾಡಿಯನ್ನೂ ಹಿಡಿಯುತ್ತಿರಲಿಲ್ಲ. ಹೈದರಾಬಾದಿನಲ್ಲಿ ಓದಿ, ಕೊರಳಿಗೆ ಎದೆಬಡಿತ ಕೇಳುವ ನಳಿಗೆ ಹಾಕಿಕೊಂಡು ಬಂದ ಮನುಷ್ಯ ಮನೆಯಲ್ಲಿ ಕುಳಿತು ಮಾಡುತ್ತಿದ್ದ ಕೆಲಸವೇನು ಗೊತ್ತೆ? ಇಂಗ್ಲಿಷಿನಲ್ಲಿದ್ದ ಔಷಧಿ ಚೀಟಿ, ಬಾಟಲಿಯ ಮೇಲಿನ ಬರಹ, ರೋಗರುಜಿನದ ಜಾಹೀರಾತು, ಇವನ್ನೆಲ್ಲ ಕನ್ನಡಕ್ಕೆ ತರ್ಜುಮೆ ಮಾಡುವುದು! ನಿಜಾಮರ ಕಾಲ. ಕಚೇರಿಯಲ್ಲಿ ಉರ್ದು, ಬಾಟಲಿಯ ಮೇಲೆ ಇಂಗ್ಲಿಷು, ರೋಗಿಯ ಬಾಯಲ್ಲಿ ಕನ್ನಡ. ಈ ಮೂರರ ನಡುವೆ ಒಬ್ಬ ಮನುಷ್ಯ ಹೊಟ್ಟೆ ಹೊರೆಯಬಹುದೆಂದು ಮಾಮಾನ ಹೊರತು ಮತ್ಯಾರಿಗೂ ಹೊಳೆದಿರಲಿಲ್ಲ.

ಅವರೂ ಮೊದಲು ದವಾಖಾನೆ ತೆರೆದವರೇ. ಅದು ಒಂದು ವರ್ಷ ನಡೆಯಿತು. ಆ ವರ್ಷ ಬೇಸಿಗೆಯಲ್ಲಿ ಕಾಲರಾ ಬಂತು. ಮಳಖೇಡದ ಒಂದು ಮನೆಗೆ ಹೋಗಿ ಮಾಮಾ, "ನೀರು ಕುದಿಸಿ ಕುಡೀರಿ" ಎಂದು ಒತ್ತಿ ಒತ್ತಿ ಹೇಳಿ ಬಂದರು. ಆ ಮನೆಯವರು ಶ್ರದ್ಧೆಯಿಂದ ಕುದಿಸಿದರು. ಕುದಿಯುವ ನೀರನ್ನು ಕುಡಿಯುವುದು ಹೇಗೆ? ಬೇಗ ಆರಲೆಂದು ಅದಕ್ಕೆ ಬಾವಿಯ ತಣ್ಣೀರು ಬೆರೆಸಿದರು. ಮಾಮಾ ಮತ್ತೆ ಹೋದಾಗ ಬಾಗಿಲು ತೆರೆಯಲು ಆ ಮನೆಯಲ್ಲಿ ಒಬ್ಬ ಮುದುಕಿ ಮಾತ್ರ ಉಳಿದಿದ್ದಳು. "ನೀವು ಹೇಳಿದಂಗೇ ಮಾಡೀವ್ರಿ ಡಾಕ್ಟ್ರೇ" ಎಂದಳಂತೆ.

"ಕುದಸ್ರಿ ಅಂದೆ. ತಾನೇ ಆರಲಿಕ್ಕಿ ಬಿಡ್ರಿ ಅನ್ನಲಿಲ್ಲ. ಔಷಧ ತಪ್ಪಿರಲಿಲ್ಲ, ನನ್ನ ಮಾತು ಗಿಡ್ಡ ಆಯ್ತು" ಎಂದು ಮಾಮಾ ದವಾಖಾನೆಗೆ ಬೀಗ ಹಾಕಿದರು. ಎಷ್ಟು ಜನ ಬಂದು ಹೇಳಿದರೂ ಆ ಬೀಗ ತೆಗೆಯಲಿಲ್ಲ.

ಜನ ಬಿಡಬೇಕಲ್ಲ! ಪಕ್ಕದ ಮನೆಯ ವಕೀಲರಿಗೆ ಒಮ್ಮೆ ದವಡೆ ಬಾತು, ಮುಖ ಕುಂಬಳಕಾಯಿ ಆಯಿತು. ಕೆನ್ನೆ ಹಿಡಿದುಕೊಂಡು ಬಂದರು.

"ನಾ ರೋಗ ನೋಡಂಗಿಲ್ರಿ. ಇಂಗ್ಲಿಷಿನಾಗ ಏನರ ಇದ್ರ ಕೊಡ್ರಿ, ತರ್ಜುಮೆ ಮಾಡ್ತೀನಿ" ಎಂದರು ಮಾಮಾ.

ವಕೀಲರು ಸೋಲುವ ಪೈಕಿ ಅಲ್ಲ. ಮನೆಗೆ ಹೋಗಿ ತಮ್ಮ ನೋವನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು ತಂದುಕೊಟ್ಟರು. ಮಾಮಾ ಕನ್ನಡಕ ಏರಿಸಿ, ಎರಡು ಸಲ ಓದಿ, ಗಂಭೀರವಾಗಿ ಹೇಳಿದರು: "ನಿಮಗ ಹಲ್ಲು ನೋವು ಅದ ಅಂತ್ರಿ!"

ವಕೀಲರು ಆಮೇಲೆ ಒಂದು ತಿಂಗಳು ನಮ್ಮ ಮಾಮಾನ ಮನೆ ಕಡೆ ಮುಖ ಹಾಕಲಿಲ್ಲ. ಮುಖದ ಬಾವು ಇಳಿದ ಮೇಲೂ!

ಶಹಾಬಾದಿನ ಔಷಧಿ ಅಂಗಡಿಯ ಕಥೆ ಇದಕ್ಕಿಂತ ಘೋರ. ಮೈಕೈ ನೋವಿಗೆ ಹಚ್ಚುವ ಎಣ್ಣೆಯ ಬಾಟಲಿಗೆ ಯಾರೋ ಪುಣ್ಯಾತ್ಮರು "ಹೊರಗೆ ಮಾತ್ರ ಉಪಯೋಗಿಸತಕ್ಕದ್ದು" ಎಂದು ಕನ್ನಡ ಮಾಡಿಕೊಟ್ಟಿದ್ದರು. ಕಲ್ಲಿನ ಗಣಿಯಲ್ಲಿ ದುಡಿಯುವವನೊಬ್ಬ ಅದನ್ನು ಯಾರಿಂದಲೋ ಓದಿಸಿಕೊಂಡು, ಬಾಟಲಿಯನ್ನು ಅಂಗಳಕ್ಕೆ ತಂದು, ಗಟಗಟ ಕುಡಿದ. ಗಂಟಲು ಸುಟ್ಟುಹೋಯಿತು. ಜೀವ ಉಳಿದದ್ದೇ ಹೆಚ್ಚು. ವಿಚಾರಿಸಲು ಹೋದ ಮಾಮಾನೆದುರು ಅವನು ಒಡಕು ದನಿಯಲ್ಲಿ ಆಣೆ ಮಾಡಿದ: "ಅಂಗಳದಾಗ ನಿಂತೇ ಕುಡದೀನ್ರಿ! ಹೊಸ್ತಿಲದ ಒಳಗ ಒಂದು ಹನಿ ಬಿದ್ದಿಲ್ರಿ!"

ಮಾಮಾ ಅದೇ ದಿನ ಅಂಗಡಿಯಲ್ಲಿ ಕುಳಿತು ಹೊಸ ಚೀಟಿ ಬರೆದರು: "ಇದು ಮೈಗಿ ಹಚ್ಚೋದು. ಕುಡದ್ರ ಸಾಯ್ತೀರಿ."

ಅಂಗಡಿಯವನಿಗೆ ಎದೆ ಒಡೆದಂತಾಯಿತು. "ಹಿಂಗ ಬರದ್ರ ಯಾರು ಕೊಳ್ತಾರ್ರಿ ಡಾಕ್ಟ್ರೇ?"

"ಬದುಕಿದವ್ರು ಕೊಳ್ತಾರ" ಎಂದು ಮಾಮಾ ಎದ್ದು ಬಂದರು.

ಇಂಥ ಮಾಮಾನಿಗೂ ಒಬ್ಬರು ಯಜಮಾನರಿದ್ದರು. ಅವರ ಹೆಂಡತಿ, ನಮ್ಮ ಅತ್ತಿ! ಚಿಂಚೋಳಿ ಕಡೆಯವರು, ಅಕ್ಷರ ಕಲಿತವರಲ್ಲ. ಮಾಮಾ ಬರೆದ ಪ್ರತಿಯೊಂದು ಸಾಲನ್ನೂ ಮೊದಲು ಅತ್ತಿಗೆ ಓದಿ ಹೇಳಬೇಕು. ಅತ್ತಿ ಒಲೆಯ ಮುಂದೆ ರೊಟ್ಟಿ ತಟ್ಟುತ್ತ ಕೇಳುತ್ತಿದ್ದರು. ತಟ್ಟುವ ಸಪ್ಪಳ ನಿಲ್ಲದಿದ್ದರೆ ಸಾಲು ಪಾಸು. ನಿಂತಿತೋ, ಮುಗಿಯಿತು!

"ಜಲವನ್ನು ಶುದ್ಧೀಕರಿಸತಕ್ಕದ್ದು..."

ಸಪ್ಪಳ ನಿಂತಿತು. "ಜಲ ಅಂದ್ರ ಮಠದಾಗ ಕೈಯಾಗ ಹಾಕ್ತಾರಲ್ಲ, ಅದೇನ್ರಿ? ಅದನ್ನ ನಾವು ಶುದ್ಧ ಮಾಡ್ಬೇಕೇನು? ಅಯ್ಯ ಶಿವನೇ!"

ಮಾಮಾ ಬಾಯಿ ಮುಚ್ಚಿಕೊಂಡು ಆ ಸಾಲು ಹೊಡೆದುಹಾಕಿದರು. ಹೈದರಾಬಾದಿನ ದೊಡ್ಡ ಡಾಕ್ಟರುಗಳಿಗೆ ಹೆದರದವರು ಅತ್ತಿಯ ಎರಡು ಅಂಗೈಗೆ ಹೆದರುತ್ತಿದ್ದರು. ಆದರೆ ಮಕ್ಕಳಿಲ್ಲದ ಆ ಮನೆಯಲ್ಲಿ ಗಂಡಹೆಂಡಿರ ನಡುವೆ ನಡೆಯುತ್ತಿದ್ದ ಮಾತೆಂದರೆ ಅಷ್ಟೇ. ವಾಂತಿ, ಭೇದಿ, ಜ್ವರ, ಗಾಯ. ಅದೂ ಬೇರೆ ಯಾರೋ ಬರೆದದ್ದು. ತಮ್ಮದೆಂದು ಮಾಮಾ ಒಂದು ಮಾತು ಆಡಿದ್ದನ್ನು ನಾನಂತೂ ಕೇಳಿರಲಿಲ್ಲ.

ಆಮೇಲೆ ಅತ್ತಿ ಊಟ ಬಿಟ್ಟರು. "ಹೊಟ್ಟಿ ತುಂಬಿದಂಗ ಅದ" ಅನ್ನುವರು, ಎದ್ದುಬಿಡುವರು. ಮೈ ಇಳಿಯಿತು. ಮಾಮಾ ನಾಡಿ ಹಿಡಿಯಲಿಲ್ಲ. ಆದರೆ ಅವರ ಮುಖ ನೋಡಿದರೆ ಎಲ್ಲ ಗೊತ್ತಾಗಿದೆ ಅನ್ನಿಸುತ್ತಿತ್ತು. ಆಗ ನಾನು ಸೇಡಂನಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. "ಹೈದರಾಬಾದಿಗಿ ಹೋಗೋಣ, ಸಂಗಾಟ ಬಾ" ಎಂದು ಹೇಳಿ ಕಳಿಸಿದರು. ಚಿತ್ತಾಪುರದಿಂದ ಅವರು ಬಂದ ರೈಲುಗಾಡಿಯನ್ನು ಸೇಡಂನಲ್ಲಿ ನಾನು ಹತ್ತಿದೆ.

ಹೈದರಾಬಾದಿನ ದೊಡ್ಡ ದವಾಖಾನೆಯಲ್ಲಿ ಒಬ್ಬ ಬಿಳಿಯ ಡಾಕ್ಟರ್ ಸಾಹೇಬ. ಅತ್ತಿಯ ಹೊಟ್ಟೆ ಒತ್ತಿ ನೋಡಿ, ಕೈ ತೊಳೆದು, ಮಾಮಾನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದ. ಮಾಮಾ ನೆಲ ನೋಡುತ್ತ ನಿಂತಿದ್ದರು.

"ಏನಂದ್ರು?" ಅತ್ತಿ ಕೇಳಿದರು.

ಮಾಮಾ ತರ್ಜುಮೆಗೆ ತೊಡಗಿದರು. "ಉದರದೊಳಗ ಒಂದು ನಮೂನಿ ಬೆಳವಣಿಗಿ..."

"ಹೊಟ್ಟ್ಯಾಗ ಗಡ್ಡಿ ಅದ ಅಂತೇನು? ಗಡ್ಡಿ ಅನ್ರಲ್ಲ."

"ಹೂಂ. ಗಡ್ಡಿ."

"ಕೊಯ್ದು ತಗೀತಾರೇನು?"

"ಇಲ್ಲಂತ."

"ಯಾಕಂತ?"

"ಭಾಳ ದೂರ ಹಬ್ಬ್ಯಾದಂತ."

ಅತ್ತಿ ಸೆರಗು ಸರಿಮಾಡಿಕೊಂಡು ಎದ್ದು ಕುಳಿತರು. "ಇಷ್ಟು ಸಣ್ಣ ಮಾತಿಗಿ ಆ ಸಾಹೇಬ ಅಷ್ಟೊತ್ತು ಮಾತಾಡಿದನೇನು!"

ಸಾಹೇಬನಿಗೆ ಕನ್ನಡ ಬಾರದು. ರೋಗಿ ಏನೆಂದಳೆಂದು ಮಾಮಾನನ್ನು ಕೇಳಿದ. ಮಾಮಾ ತರ್ಜುಮೆ ಮಾಡಲಿಲ್ಲ. ಆಗ ಸಾಹೇಬ ಮಾಮಾನ ಹೆಗಲ ಮೇಲೆ ಕೈಯಿಟ್ಟು, ಮೆಲ್ಲಗೆ, ಇನ್ನೊಂದು ಮಾತು ಹೇಳಿದ. ನನ್ನ ಹರಕು ಇಂಗ್ಲಿಷಿಗೂ ಅದು ತಿಳಿಯಿತು: ಇನ್ನು ಉಳಿದದ್ದು ಕೆಲವೇ ವಾರ. ಅದನ್ನೂ ಮಾಮಾ ಅತ್ತಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ. ಹಾಸಿಗೆಯ ಗಂಟು ಎತ್ತಿಕೊಂಡು ಮುಂದೆ ನಡೆದೆ.

ಬರುವಾಗ ಗಾಡಿಯಲ್ಲಿ ಅತ್ತಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಗಾಡಿ ತಾಂಡೂರು ದಾಟಿತು. ಹೊರಗೆ ಜೋಳದ ಹೊಲಗಳ ಮೇಲೆ ಸಂಜೆಯ ಬಿಸಿಲಿತ್ತು.

"ಏನ್ರಿ," ಅತ್ತಿ ಹೊರಗೆ ನೋಡುತ್ತಲೇ ಅಂದರು, "ಸಾಹೇಬ ಕಡೀಕ ನಿಮ್ಮ ಹೆಗಲ ಮ್ಯಾಲ ಕೈಯಿಟ್ಟು ಒಂದು ಮಾತು ಅಂದನಲ್ಲ. ಅದೇನು?"

ಮಾಮಾ ಅತ್ತಿಯ ಕಡೆ ಸರಿದು ಕುಳಿತರು.

"ಇಂಥ ಹೆಣ್ಮಗಳು ಸಂಗಾಟ ಇದ್ದಾಗ ಜಲ್ಮದಾಗ ನಿನಗ ಮತ್ತೇನು ಬೇಕಾಗಿತ್ತೋ ಅಂದ."

ಅತ್ತಿ ಈ ಕಡೆ ತಿರುಗಿದರು. ಬತ್ತಿದ ಮುಖದಲ್ಲಿ ನಗು ಬಂತು.

"ಇದು ಸಾಹೇಬನ ಮಾತಲ್ಲ."

"ಅಲ್ಲ," ಎಂದರು ಮಾಮಾ. "ನಂದು."

"ಇಷ್ಟು ಛಲೋ ಮಾತಾಡ್ಲಿಕ್ಕಿ ಬರ್ತದೇನು ನಿಮಗ? ಮತ್ತ ಇಷ್ಟು ದಿನ ಎಲ್ಲಿಟ್ಟಿದ್ರಿ?"

ಮಾಮಾ, ರೈಲಿನ ಡಬ್ಬಿಯಲ್ಲಿದ್ದವರೆಲ್ಲ ನೋಡುತ್ತಿದ್ದರೂ, ಅತ್ತಿಯ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತರು.

ಅತ್ತಿ ಸಂಕ್ರಾಂತಿಯ ತನಕ ಉಳಿಯಲಿಲ್ಲ. ಆ ಕೆಲವು ವಾರ ಮಾಮಾ ತರ್ಜುಮೆಗೆ ಬಂದ ಚೀಟಿಗಳನ್ನೆಲ್ಲ ತಿರುಗಿ ಕಳಿಸಿದರು. ರಜೆ ಸಿಕ್ಕಾಗ ನಾನು ಹೋದರೆ, ಅತ್ತಿಯ ಮಂಚದ ಪಕ್ಕ ಕುಳಿತು ಏನೇನೋ ಹೇಳುತ್ತಿರುತ್ತಿದ್ದರು. ಮದುವೆಗೆ ಚಿಂಚೋಳಿಗೆ ಹೋದಾಗ ಚಪ್ಪಲಿ ಕಳೆದದ್ದು, ಕಾಗಿಣಾ ನದಿಯಲ್ಲಿ ಈಜಲು ಹೋಗಿ ಮುಳುಗಿದ್ದು, ಅತ್ತಿಯನ್ನು ಮೊದಲು ನೋಡಿದ ದಿನ ಅವರು ಉಟ್ಟಿದ್ದ ಸೀರೆಯ ಬಣ್ಣ. ಅತ್ತಿ ಕಣ್ಣು ಮುಚ್ಚಿರುತ್ತಿದ್ದರು. ನಿದ್ದೆ ಹತ್ತಿತೆಂದು ಮಾಮಾ ನಿಲ್ಲಿಸಿದರೆ, ತುಟಿ ಮಾತ್ರ ಅಲುಗುತ್ತಿತ್ತು.

"ಯಾಕ ನಿಲ್ಲಿಸಿದ್ರಿ? ಹೇಳ್ರಿ, ಕೇಳ್ಲಿಕತ್ತೀನಿ."