ಗುಬ್ಬಿಯ ಕೈಗೆ ಕೊಡಲಿ

"ಇವತ್ತು ಅತ್ತೆಯವರಿಗೆ ಒಂದು ದೊಡ್ಡ ಉಪಕಾರ ಮಾಡಿಯೇ ತೀರುತ್ತೇನೆ! ಯಾರು ಅಡ್ಡ ಬಂದರೂ ಕೇಳುವವನಲ್ಲ!"

ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಸೋಫಾದ ಮೇಲೆ ಕೂತು ಲಿಫ್ಟಣ್ಣ ಹೀಗೆ ಘೋಷಿಸಿದಾಗ, ಅಡ್ಡ ಬರಲು ಮನೆಯಲ್ಲಿ ಯಾರೂ ಇರಲಿಲ್ಲ. ಅನಾಹುತಕ್ಕೆ ಅದೇ ಕಾರಣ. ಹೆಂಡತಿ ಡ್ರೈವಿಂಗ್ ಸ್ಕೂಲಿನಲ್ಲಿ ಯಾರಿಗೋ ರಿವರ್ಸ್ ತೆಗೆಯುವುದು ಕಲಿಸುತ್ತಿದ್ದಳು. ಅತ್ತೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ಕಳೆದು ಮಲಗಿದ್ದರು. ಹೊರಡುವಾಗ ಅಳಿಯನಿಗೆ ಒಂದೇ ಕೆಲಸ ಹೇಳಿದ್ದರು: "ಅಳಿಯಂದ್ರೆ, ನನ್ನ ಕಂಟ್ರೋಲರ್ ಚಾರ್ಜಿಗೆ ಹಾಕಿರಿ. ನಾಲ್ಕು ಗಂಟೆಗೆ ಯುದ್ಧ ಇದೆ."

ಲಿಫ್ಟಣ್ಣ ಎಂದರೆ ಎತ್ತರದ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವವನು. ಓಣಿಯವರು ಇಟ್ಟ ಹೆಸರು ಅದು. ಅವನ ಅತ್ತೆ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಬೇಸರ ಕಳೆಯಲಿ ಅಂತ ಮಗಳು ಗೇಮ್ ಆಡುವ ಯಂತ್ರ ತಂದುಕೊಟ್ಟಳು. ಅಲ್ಲಿಂದ ಬೇಸರವೂ ಹೋಯಿತು, ಮನೆಯ ಟೀವಿಯೂ ಹೋಯಿತು! ಎಂಟು ತಿಂಗಳಿಂದ ಅತ್ತೆ ಹಸಿರು ನಿಲುವಂಗಿ ತೊಟ್ಟ 'ಗುಬ್ಬಿ' ಎಂಬ ಪುಟಾಣಿ ಯೋಧೆಯಾಗಿ ಕಾಡು, ಕೋಟೆ, ಗುಹೆ ಎಲ್ಲ ಸುತ್ತುತ್ತಿದ್ದಾರೆ. ಜೊತೆಗೆ ಪಕ್ಕದ ಬೀದಿಯ ನಿವೃತ್ತ ಹೆಡ್‌ಮಿಸ್ಟ್ರೆಸ್. ಅವರು ತಮ್ಮ ಮನೆಯಲ್ಲೇ ಕೂತು, ಹೆಡ್‌ಫೋನ್ ಹಾಕಿಕೊಂಡು, ಬಿಲ್ಲುಗಾರ್ತಿಯಾಗಿ ಬರುತ್ತಾರೆ.

ಲಿಫ್ಟಣ್ಣನೂ ಅದೇ ಆಟ ಆಡುತ್ತಾನೆ. ಅವನ ಯೋಧನ ಹೆಸರು 'ಗುಡುಗು'. ಆಟದಲ್ಲಿ ಸಿಕ್ಕ ಅರವತ್ತು ಪಾಯಿಂಟನ್ನೂ ಒಂದೇ ವಿದ್ಯೆಗೆ ಸುರಿದಿದ್ದಾನೆ: ಗದೆ! ಎದುರಿಗೆ ಬಂದದ್ದನ್ನೆಲ್ಲ ಜಜ್ಜುತ್ತ ಗುಡುಗು ಹಿಮಕೋಟೆಯವರೆಗೆ ಹೋದ. ಅಲ್ಲಿ ಗದೆ ಬಾಗಿಲ ಮಂಜುಗಡ್ಡೆಯ ಮೇಲೆ ಜಾರಿ ಜಾರಿ, ಮೂರು ತಿಂಗಳಿಂದ ಅಲ್ಲೇ ಇದ್ದಾನೆ. ಯಾರಾದರೂ ಕೇಳಿದರೆ, "ಸ್ವಲ್ಪ ರೆಸ್ಟ್ ಕೊಟ್ಟಿದ್ದೀನಿ" ಅನ್ನುತ್ತಾನೆ.

ಅತ್ತೆಯ ಗುಬ್ಬಿಯೋ, ಹತ್ತು ವಿದ್ಯೆಗೆ ಆರಾರು ಪಾಯಿಂಟು! ಕತ್ತಿ, ಕೊಡಲಿ, ಬಿಲ್ಲು, ಬೆಂಕಿ, ಮದ್ದು, ಬೀಗ ತೆಗೆಯೋದು, ಈಜು, ಮರ ಹತ್ತೋದು, ಅಡಗಿಕೊಳ್ಳೋದು, ಮಾತಾಡೋದು.

"ಅತ್ತೆ, ಇವಳು ಯೋಧೆಯೋ, ಸಾಮಾನಿನ ಅಂಗಡಿಯೋ?" ಅಂತ ಅವನು ನಕ್ಕಾಗಲೆಲ್ಲ ಅತ್ತೆ ಹೇಳುತ್ತಿದ್ದರು: "ಎಕ್ಸ್‌ಚೇಂಜಿನಲ್ಲಿ ಒಂದೇ ಸಲ ಆರು ಲೈನ್ ಕೂಗ್ತಿದ್ವು ಅಳಿಯಂದ್ರೆ. ಯಾವಾಗ ಯಾವುದು ಬೇಕಾಗುತ್ತೋ ಯಾರು ಕಂಡೋರು?"

ಇವತ್ತಿನ ಯುದ್ಧ ಅದೇ ಹಿಮಕೋಟೆಯಲ್ಲಿ. ಲಿಫ್ಟಣ್ಣನ ಕರುಳು ಚುರ್ ಅಂದಿತು. ಪಾಪ, ಆರು ಪಾಯಿಂಟಿನ ಕತ್ತಿ ಹಿಡಿದು ಈ ಮುದುಕಿ ಕೋಟೆಯೊಳಗಿನ ಮಂಜಿನ ರಾಕ್ಷಸನ ಎದುರು ಹೋಗುವುದೇ? ಗದೆ ಜಾರಿದ್ದು ಮೊಂಡಾಗಿದ್ದಕ್ಕೆ. ಹರಿತವಾದ ಕೊಡಲಿಯಾದರೆ? ಅದಕ್ಕೆ ಅರವತ್ತಕ್ಕೆ ಅರವತ್ತೂ ಕೊಟ್ಟರೆ?

ಗುಬ್ಬಿಯ ಚೀಲ ಬಿಚ್ಚಿ ನೋಡಿದ. ಮರೆವಿನ ನೀರಿನ ಒಂದೇ ಒಂದು ಬಾಟಲಿ ಇತ್ತು. ಕುಡಿದರೆ ಕಲಿತದ್ದೆಲ್ಲ ಮರೆತು ಪಾಯಿಂಟುಗಳು ವಾಪಸ್ ಬರುತ್ತವೆ. ಅತ್ತೆ ಅದನ್ನು ಎಂಟು ತಿಂಗಳಿಂದ ಮುಟ್ಟಿರಲಿಲ್ಲ. ಲಿಫ್ಟಣ್ಣ ಗಟಗಟನೆ ಕುಡಿಸಿಯೇಬಿಟ್ಟ.

"ಕೊಡಲಿಗೆ ಎಲ್ಲ ಕೊಡಲಿ!" ಅಂತ ತನ್ನ ಜೋಕಿಗೆ ತಾನೇ ನಕ್ಕು, ಅರವತ್ತೂ ಪಾಯಿಂಟು ಒತ್ತಿದ. ಗುಬ್ಬಿ ಕೊಡಲಿ ಬೀಸಿದಳು. ಮನೆಯಷ್ಟು ದೊಡ್ಡ ಬಂಡೆ ಹಿಟ್ಟಾಯಿತು!

"ಭಲೇ ಅಳಿಯ!" ಅಂತ ಅತ್ತೆಯ ಪರವಾಗಿ ತಾನೇ ಹೇಳಿಕೊಂಡ.

ಇಲ್ಲಿಗೆ ನಿಲ್ಲಿಸಿದ್ದರೆ ಅವನು ಲಿಫ್ಟಣ್ಣ ಯಾಕಾಗುತ್ತಿದ್ದ? ಒಮ್ಮೆ ಪರೀಕ್ಷೆ ಮಾಡೋಣ ಅಂತ ಗುಬ್ಬಿಯನ್ನು ವಾಕಿಂಗ್ ಹೊರಡಿಸಿದ. ಊರಾಚೆ ತೊರೆ ಇತ್ತು, ಮೊಣಕಾಲುದ್ದದ್ದು. ಕಾಲಿಟ್ಟಳು, ಗುಳುಗುಳು ಅಂದಳು, ಮುಳುಗಿದಳು. ಈಜು ಮರೆತಿದ್ದಾಳಲ್ಲ! ಮತ್ತೆ ಜೀವ ಬಂದು ಸೇತುವೆಯ ಕಡೆ ಹೋದಳು. ಕಾವಲುಗಾರ ವಿನಯದಿಂದ ಕೇಳಿದ: "ತಾಯೀ, ಎಲ್ಲಿಗೆ ಪ್ರಯಾಣ?" ಮೊದಲಾದರೆ ಗುಬ್ಬಿಗೆ ಹೇಳಲು ಹತ್ತು ಚಂದದ ಉತ್ತರಗಳಿದ್ದವು. ಈಗ ಪರದೆಯ ಮೇಲೆ ಎರಡೇ ಬಂದವು: "ಹೂಂ" ಮತ್ತು "ಹೊಡೀತೀನಿ".

ಲಿಫ್ಟಣ್ಣ "ಹೂಂ" ಒತ್ತಿದ.

"ಎಲ್ಲಿಗೆ ಅಂದೆ ತಾಯೀ."

"ಹೂಂ."

"ಕಿವಿ ಕೇಳಿಸುತ್ತಾ?"

ಬೆವರಿದ ಬೆರಳು ಜಾರಿತು. "ಹೊಡೀತೀನಿ!" ಅಂದೇಬಿಟ್ಟಳು ಗುಬ್ಬಿ. ಕಾವಲುಗಾರ ಕತ್ತಿ ಎಳೆದ. ಗಾಬರಿಯಲ್ಲಿ ಲಿಫ್ಟಣ್ಣ ಕೊಡಲಿ ಬೀಸಿದ. ಏಟು ಕಾವಲುಗಾರನಿಗೆ ತಾಗಲಿಲ್ಲ, ಸೇತುವೆಗೆ ತಾಗಿತು. ಸೇತುವೆ ಕಾವಲುಗಾರನನ್ನೂ ಕರೆದುಕೊಂಡು ಹೊಳೆಗೆ ಹೋಯಿತು! ಎಂಟು ತಿಂಗಳಿಂದ "ಗುಬ್ಬಮ್ಮ ಬಂದ್ರು" ಅಂತ ಎದುರುಗೊಳ್ಳುತ್ತಿದ್ದ ಹಳ್ಳಿ ಧಡಧಡ ಬಾಗಿಲು ಹಾಕಿಕೊಂಡಿತು.

ಅಷ್ಟರಲ್ಲಿ ಹೆಂಡತಿ ಬಂದಳು. ಗಂಟೆ ಮೂರು.

"ರೀ, ಫ್ಯಾನ್ ಕೆಳಗೆ ಕೂತು ಯಾಕೆ ಹೀಗೆ ಬೆವರ್ತಿದೀರಾ?"

"ಏನಿಲ್ಲ ಕಣೇ. ಅತ್ತೆಗೆ ಒಂದು ಸಣ್ಣ ಉಪಕಾರ..."

ಅವಳು ಟೀವಿ ನೋಡಿದಳು. ಮುರಿದ ಸೇತುವೆ, ಮುಚ್ಚಿದ ಬಾಗಿಲು, ಕೊಡಲಿ ಹಿಡಿದು "ಹೂಂ" ಅನ್ನುತ್ತಿರುವ ಗುಬ್ಬಿ. ಕಾರಿನ ಬೀಗದ ಕೈ ಕೈಯಿಂದ ಜಾರಿತು.

"ಅತ್ತ ಆಸ್ಪತ್ರೆಯಲ್ಲಿ ಅತ್ತೆ, ಇತ್ತ ಸೋಫಾದಲ್ಲಿ ಕತ್ತೆ!"

"ನೋಡು, ಒಂದೇ ವಿದ್ಯೆ, ಆದರೆ ತುತ್ತತುದಿಗೆ! ಅದು ನನ್ನ ಸಿದ್ಧಾಂತ."

"ನಿಮ್ಮ ಲಿಫ್ಟಿಗೆ ಎಷ್ಟು ಹಗ್ಗ ಇರುತ್ತೆ?"

"ಆರು."

"ಯಾಕೆ? ಒಂದೇ ದಪ್ಪ ಹಗ್ಗ ಹಾಕಿ ನಿಮ್ಮ ಸಿದ್ಧಾಂತನ ನೇತು ಹಾಕಿ!"

ಲಿಫ್ಟಣ್ಣ ದಿಂಬಿನ ಹಿಂದೆ ಅಡಗಿಕೊಳ್ಳಲು ನೋಡಿದ. ಆ ವಿದ್ಯೆ ಅವನಿಗೂ ಇರಲಿಲ್ಲ.

ಆದರೆ ಹೆಂಡತಿ ಕೈಚೆಲ್ಲಿ ಕೂರುವವಳಲ್ಲ. ದಿನಾ ಹತ್ತು ಜನ ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿಯುವುದನ್ನು ನೋಡಿ ಗಟ್ಟಿಯಾದ ಹೃದಯ ಅದು. ಫೋನಿನಲ್ಲಿ ಹುಡುಕಿದಳು. ಇಡೀ ಆಟದಲ್ಲಿ ಮರೆವಿನ ನೀರು ಇನ್ನೊಂದೇ ಒಂದು ಕಡೆ ಇತ್ತು. ಕೆರೆಯ ನಡುಗಡ್ಡೆಯ ಮೇಲೆ, ಒಂದು ಪೆಟ್ಟಿಗೆಯಲ್ಲಿ.

"ಕೆರೆ ಅಂದ್ಯಾ? ಇವಳು ಮೊಣಕಾಲುದ್ದ ನೀರಲ್ಲಿ ಮುಳುಗ್ತಾಳೆ ಕಣೇ!"

"ದಡದಲ್ಲಿ ಮರ ಇವೆಯಲ್ಲ, ಕಡೀರಿ! ನಿಮಗೆ ಬರೋದು ಅದೊಂದೇ ತಾನೇ?"

ಮೊದಲನೆಯ ಮರ ಗುಬ್ಬಿಯ ತಲೆಯ ಮೇಲೆಯೇ ಬಿತ್ತು. "ಹಿಂದೆ ನೋಡಿ! ಕನ್ನಡಿ ನೋಡಿ!" ಅಂತ ಹೆಂಡತಿ ಅಭ್ಯಾಸಬಲದಿಂದ ಕಿರುಚಿದಳು. ಎರಡನೆಯದು ಹಳ್ಳಿಯ ಗಿರಣಿಯ ಮೇಲೆ. ಮೂರನೆಯದು ಸರಿಯಾಗಿ ನೀರಿಗೆ ಅಡ್ಡಲಾಗಿ, ನಡುಗಡ್ಡೆಯವರೆಗೆ ಬಿತ್ತು! ಗುಬ್ಬಿ ಅದರ ಮೇಲೆ ನಡೆದಳು, ದಾಟಿದಳು, ಪೆಟ್ಟಿಗೆಯ ಮುಂದೆ ನಿಂತಳು. ಗಂಡ ಹೆಂಡತಿ ಇಬ್ಬರೂ ಕುಣಿದರು.

ಪೆಟ್ಟಿಗೆಗೆ ಬೀಗ ಇತ್ತು.

"ಮೆಲ್ಲಗೆ ರೀ, ಮೆಲ್ಲಗೆ! ಬೀಗದ ಮೇಲೆ ಮಾತ್ರ..."

ಅರವತ್ತು ಪಾಯಿಂಟಿನ ಕೊಡಲಿಗೆ ಮೆಲ್ಲಗೆ ಎಂಬ ಪದವೇ ಗೊತ್ತಿಲ್ಲ. ಢಮಾರ್! ಬೀಗವೂ ಹೋಯಿತು, ಪೆಟ್ಟಿಗೆಯೂ ಹೋಯಿತು, ಒಳಗಿನ ಬಾಟಲಿ ಚೂರುಚೂರಾಗಿ ಮರೆವಿನ ನೀರು ಮರಳಲ್ಲಿ ಇಂಗಿತು.

ಆ ಕ್ಷಣದಲ್ಲೇ ತುತ್ತೂರಿ ಮೊಳಗಿತು. 'ಗುಬ್ಬಿ ಹೊಸ ಲೆವೆಲ್ ತಲುಪಿದ್ದಾಳೆ. ಆರು ಪಾಯಿಂಟು!' ಲಿಫ್ಟಣ್ಣನ ಬೆರಳು ತಂತಾನೇ ಕೊಡಲಿಯ ಕಡೆ ಹೋಯಿತು. ಹೆಂಡತಿ ಮಣಿಕಟ್ಟು ಹಿಡಿದಳು. "ಮುಟ್ಟಿದ್ರೆ ನೋಡಿ!"

ಕರೆಗಂಟೆ ಸದ್ದಾಯಿತು. ನಾಲ್ಕಕ್ಕೆ ಹತ್ತು ನಿಮಿಷ. ಬಾಗಿಲಲ್ಲಿ ಅತ್ತೆ! ಎಡಗೆನ್ನೆ ಊದಿದೆ, ಬಾಯಲ್ಲಿ ಹತ್ತಿ, ಮರಗಟ್ಟುವ ಇಂಜೆಕ್ಷನ್ನಿನಿಂದ ತುಟಿ ಒಂದು ಕಡೆ ಜೋತುಬಿದ್ದಿದೆ. ಟೀವಿ ನೋಡಿದರು. ಅಳಿಯನನ್ನು ನೋಡಿದರು. ಮತ್ತೆ ಟೀವಿ ನೋಡಿದರು.

"ಏಂ ಮಾಯಿಯ್ಯಿ?"

ಏನು ಮಾಡಿದಿರಿ ಎಂಬುದು ಅದರ ಅರ್ಥ. ಅರ್ಥವಾಗದಿದ್ದರೂ ಕಣ್ಣೇ ಹೇಳುತ್ತಿತ್ತು. ಲಿಫ್ಟಣ್ಣ ತಲೆ ತಗ್ಗಿಸಿದ. "ಅತ್ತೆ, ನಿಮಗೆ ಒಳ್ಳೇದಾಗಲಿ ಅಂತ... ನಂದೇ ತಪ್ಪು. ಎಲ್ಲ ಮರೆಸಿಬಿಟ್ಟೆ. ಕೊಡಲಿ ಬಿಟ್ಟು ಅವಳಿಗೆ ಏನೂ ಬರಲ್ಲ." ಎಂಟು ತಿಂಗಳು ಒಂದೊಂದೇ ಕಲಿಸಿ ಬೆಳೆಸಿದ ಗುಬ್ಬಿ! ಅದು ಬರೀ ಗೊಂಬೆಯಲ್ಲ ಎಂದು ಅವನಿಗೆ ಆಗ ಹೊಳೆಯಿತು.

ಅತ್ತೆ ಬಯ್ಯಲಿಲ್ಲ. ಬಯ್ಯಲು ಬಾಯಿ ತಿರುಗುತ್ತಿರಲಿಲ್ಲ ಎಂಬುದೂ ನಿಜ. ಕಂಟ್ರೋಲರ್ ತೆಗೆದುಕೊಂಡು ಉಳಿದ ಆರು ಪಾಯಿಂಟು ಹಂಚಿದರು. ಬೆಂಕಿಗೆ ಒಂದು, ಮದ್ದಿಗೆ ಒಂದು, ಈಜಿಗೆ ಒಂದು, ಬೀಗಕ್ಕೆ ಒಂದು, ಮರ ಹತ್ತಲು ಒಂದು, ಮಾತಿಗೆ ಒಂದು.

"ಒಂದೊಂದೇನಾ ಅತ್ತೆ? ಒಂದರಿಂದ ಏನಾಗುತ್ತೆ?"

ಅತ್ತೆ ಔಷಧಿ ಚೀಟಿಯ ಹಿಂದೆ ಬರೆದು ತೋರಿಸಿದರು: 'ಸೊನ್ನೆ ಅಲ್ಲವಲ್ಲ.' ಅದರ ಕೆಳಗೇ ಇನ್ನೊಂದು ಸಾಲು: 'ಈ ಕೊಡಲಿ ನನ್ನ ಕೈಗೆ ಹೊಸದು. ನೀವೇ ಆಡಿ. ನಾನು ಹೇಳ್ತೀನಿ.'

"ಹೇಳ್ತೀರಾ? ಹೇಗೆ ಅತ್ತೆ?"

ಅತ್ತೆ ಅವನನ್ನು ನೆಲದ ಮೇಲೆ ಕೂರಿಸಿ, ಹಿಂದೆ ಸೋಫಾದ ಮೇಲೆ ತಾವು ಕೂತು, ನೆತ್ತಿಯ ಮೇಲೆ ಬೆರಳ ಗೆಣ್ಣಿನಿಂದ ಮೊಟಕಿ ತೋರಿಸಿದರು. ಒಂದು ಮೊಟಕು ಅಂದರೆ ಬೆಂಕಿ. ಎರಡು, ಮದ್ದು. ಮೂರು, ಈಜು. ಎಕ್ಸ್‌ಚೇಂಜಿನ ಮೂವತ್ತು ವರ್ಷದ ಶಿಸ್ತು ಅಳಿಯನ ಬುರುಡೆಗೆ ನೇರ ಲೈನ್ ಹಾಕಿತು!

ಹೆಂಡತಿ ಹೆಡ್‌ಫೋನ್ ಕಿತ್ತು ಸ್ಪೀಕರ್ ಹಾಕಿದಳು. "ಗುಬ್ಬೀ, ರೆಡಿಯಾ?" ಅಂತ ಹೆಡ್‌ಮಿಸ್ಟ್ರೆಸ್ ಗರ್ಜಿಸಿದರು.

"ಅಮ್ಮನಿಗೆ ಹಲ್ಲು ನೋವು ಮೇಡಂ. ನಮ್ಮನೆಯವರು ಆಡ್ತಾರೆ."

"ಅಯ್ಯೋ ದೇವರೇ," ಅಂದರು ಹೆಡ್‌ಮಿಸ್ಟ್ರೆಸ್.

ಹಿಮಕೋಟೆಯ ಬಾಗಿಲಿಗೆ ಬೀಗ. ಒಂದು ಪಾಯಿಂಟಿನ ಗುಬ್ಬಿ ತಂತಿ ಹಾಕಿ ಕೆರೆದಳು, ಕೆರೆದಳು, ಒಂದು ನಿಮಿಷ ಕೆರೆದಳು. ಕ್ಲಿಕ್! ಗದೆಯಿಂದ ಮೂರು ತಿಂಗಳು ಬಡಿದರೂ ತೆರೆಯದ ಬಾಗಿಲು ತೆರೆಯಿತು. ಲಿಫ್ಟಣ್ಣನ ಬಾಯಿಯೂ ತೆರೆಯಿತು.

ಒಳಗೆ ರಾಕ್ಷಸ, ಮೈಯೆಲ್ಲ ಮಂಜುಗಡ್ಡೆಯ ಕವಚ! ಕೊಡಲಿ ಬೀಸಿದ, ಜಾರಿತು. ಮತ್ತೆ ಬೀಸಿದ; ಮತ್ತೆ ಜಾರಿತು. ನೆತ್ತಿಯ ಮೇಲೆ ಟಕ್! ಬೆಂಕಿ! ಗುಬ್ಬಿಯ ಅಂಗೈಯಲ್ಲಿ ಕಡ್ಡಿ ಗೀರಿದಷ್ಟು ಉರಿ ಹತ್ತಿತು. ರಾಕ್ಷಸ ನಕ್ಕ. ಆದರೆ ಅವನ ಎದೆಯ ಮೇಲೆ ನಾಣ್ಯದಷ್ಟು ಅಗಲ ಮಂಜು ಕರಗಿತ್ತು. ಅದೇ ಜಾಗಕ್ಕೆ ಲಿಫ್ಟಣ್ಣ ಕೊಡಲಿ ಇಟ್ಟ. ಕವಚ ಚಟಾರ್ ಅಂತ ಸೀಳಿತು!

"ಶಭಾಷ್!" ಹೆಡ್‌ಮಿಸ್ಟ್ರೆಸ್ ಕೂಗಿದರು. ಕೂಗುವ ಭರದಲ್ಲಿ ರಾಕ್ಷಸನ ಬಾಲ ನೋಡಲಿಲ್ಲ. ಬಿದ್ದೇಬಿಟ್ಟರು. ಟಕ್ ಟಕ್! ಮದ್ದು! ಒಂದು ಪಾಯಿಂಟಿನ ಮದ್ದಿಗೆ ಅವರು ಎದ್ದು ನಿಲ್ಲಲಿಲ್ಲ, ಆದರೆ ಎದ್ದು ಕೂತರು. ಕೂತಲ್ಲಿಂದಲೇ ಬಾಣ ಬಿಟ್ಟರು. ರಾಕ್ಷಸ ಸಿಟ್ಟಿನಿಂದ ನೆಲ ಒದ್ದ. ಹಿಮ ಒಡೆದು ಗುಬ್ಬಿ ನೀರಿಗೆ! ಟಕ್ ಟಕ್ ಟಕ್! ಗುಬ್ಬಿ ಕೈಕಾಲು ಬಡಿದಳು. ನೋಡುವ ಹಾಗಿರಲಿಲ್ಲ ಆ ಈಜು, ಆದರೂ ದಡ ಮುಟ್ಟಿದಳು. ಎದ್ದ ರಭಸಕ್ಕೆ ಹಿಂದಿನಿಂದ ಒಂದೇ ಏಟು. ರಾಕ್ಷಸ ಮಂಡಿಯೂರಿದ.

"ಶರಣಾದೆ. ಉಸಿರು ತಗೊಳ್ಳೋಕೆ ಒಂದು ಗಳಿಗೆ ಬಿಡ್ತೀಯಾ?"

ಪರದೆಯ ಮೇಲೆ ಉತ್ತರಗಳು ಬಂದವು. "ಹೂಂ." "ಹೊಡೀತೀನಿ." ಒಂದು ಪಾಯಿಂಟಿನ ಪುಣ್ಯದಿಂದ ಮೂರನೆಯದೂ ಇತ್ತು: "ಮೊದಲು ಕಿರೀಟ ಕೊಡು."

ಮೊಟಕಿಗೆ ಕಾಯಲಿಲ್ಲ ಲಿಫ್ಟಣ್ಣ. ಮೂರನೆಯದನ್ನು ಒತ್ತಿದ. ರಾಕ್ಷಸ ಕಿರೀಟ ಕೊಟ್ಟ. ಅವನ ಬಲವೆಲ್ಲ ಇದ್ದದ್ದು ಅದರಲ್ಲೇ! ಕರಗಿ ನೀರಾಗಿ ಹರಿದುಹೋದ.

ಗೆದ್ದರು! ತುತ್ತೂರಿ, ಪಟಾಕಿ, ಬಂಗಾರದ ಅಕ್ಷರ! ಲಿಫ್ಟಣ್ಣ ದಿಂಬು ಹಾರಿಸಿದ, ಹೆಂಡತಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಮಂಡಿನೋವಿನ ಅತ್ತೆ ಕೂತಲ್ಲೇ ಎರಡೂ ಕೈ ಎತ್ತಿ ಕುಣಿದರು. "ಕೊನೇದು ನಾನೇ ಯೋಚಿಸಿದ್ದು ಅತ್ತೆ! ನೀವು ಮೊಟಕಲೇ ಇಲ್ಲ!" ಅಂತ ಅವನು ಮೂರು ಸಲ ಹೇಳಿದ. ಸ್ಪೀಕರಿನಲ್ಲಿ ಹೆಡ್‌ಮಿಸ್ಟ್ರೆಸ್ ಮೂಗು ಸೊರ್ರೆಂದು ಎಳೆದ ಸದ್ದು ಬಂತು. "ಇವರನ್ನ ತಂಡಕ್ಕೆ ಸೇರಿಸಿಕೊಳ್ಳೇ," ಅಂದರು.

ಅತ್ತೆ ಬಾಯಿಂದ ಹತ್ತಿ ತೆಗೆದರು. ತುಟಿಗಳು ಸರಿಯಾಗಿ ಒಂದಕ್ಕೊಂದು ಕೂಡತೊಡಗಿದ್ದವು.

"ಆಯ್ತು ಅಳಿಯಂದ್ರೆ. ಮುಂದಿನ ಶನಿವಾರದಿಂದ ನೀವೂ ನಮ್ಮ ಜೊತೆ."

ಲಿಫ್ಟಣ್ಣನ ಎದೆ ಹತ್ತನೇ ಮಹಡಿಗೆ ಏರಿತು. "ನಾನು ಏನಾಗಿರಬೇಕು ಅತ್ತೆ? ಸೇನಾಪತಿ? ಮುಂದಾಳು?"

"ಗಂಟು ಹೊರೋರು. ಹಗ್ಗ, ಬಾಣ, ಮದ್ದು ಎಲ್ಲ ನಿಮ್ಮ ಬೆನ್ನ ಮೇಲೆ."

ಒಂದು ಮಹಡಿ ಇಳಿಯಿತು. ಆದರೂ ತಂಡ ತಂಡವೇ! "ಆಗಲಿ ಅತ್ತೆ! ಅದಕ್ಕೆ ಎಷ್ಟು ವಿದ್ಯೆ ಕಲೀಬೇಕು?"

ಅತ್ತೆ ಊದಿದ ಕೆನ್ನೆಯಲ್ಲೇ ನಕ್ಕರು.

"ನಿಮಗೆ ಇಷ್ಟವಾದ ಹಾಗೆ, ಒಂದೇ ಒಂದು. ಗಂಟು ಬಿಚ್ಚಿ ನೋಡದೇ ಇರೋದು!"