ಮಳೆಯ ಐದನೇ ಸೂಚನೆ

"ಅಜ್ಜಿಯರ ತಲೆಯಲ್ಲಿ ಇರೋದನ್ನೆಲ್ಲ ಮೂರೇ ದಿನದಲ್ಲಿ ಕಥೆ ಮಾಡಿ ಮಕ್ಕಳ ತಲೆಗೆ ಇಳಿಸ್ತೀನಿ. ಒಂದು ಹನಿ ಆಚೆ ಚೆಲ್ಲಿದ್ರೆ ಕೇಳು!"

ಹೀಗೆ ಘೋಷಿಸಿದವರು ಜಿರಿ ಬೆಟ್ಟದ ತಪ್ಪಲಿನ ಶಾಲೆಯಲ್ಲಿ ಮೂವತ್ತೆಂಟು ವರ್ಷ ಪಾಠ ಹೇಳಿ ನಿವೃತ್ತರಾದ ಹೆಡ್‌ಮಾಸ್ಟರ್ ಪ್ಯೋ ಗಿತೇ. ಕೇಳಿಸಿಕೊಂಡವರು ಅವರ ಹೆಂಡತಿ ಮಲ್‌ಸುನ್. ಆಕೆ ಅಂಗಳದಲ್ಲಿ ಕೂತು ಸೋಯಾ ಕಾಳು ಆರಿಸುತ್ತಿದ್ದರು, ತಲೆ ಎತ್ತಲಿಲ್ಲ.

ವಿಷಯ ಇಷ್ಟು. ಊರ ಹಿರಿಯರಿಗೆ ಗೊತ್ತಿರುವುದನ್ನು ಕಥೆಯಾಗಿಸಿ ಮಕ್ಕಳಿಗೆ ಕಲಿಸಬೇಕೆಂದು ಶಾಲೆಗೆ ಮೇಲಿನಿಂದ ಆದೇಶ ಬಂದಿತ್ತು. ಹೇಗೆಂದು ತೋಚದೆ ಆರು ಜನ ಟೀಚರುಗಳು ಮೇಷ್ಟ್ರ ಸಹಾಯ ಕೇಳಿದರು. ಮೇಷ್ಟ್ರಿಗೆ ಅಷ್ಟೇ ಸಾಕಾಗಿತ್ತು! ನಿವೃತ್ತಿಯಾದ ಮೇಲೆ ಅವರ ಭಾಷಣಕ್ಕೆ ಇದ್ದ ಒಬ್ಬನೇ ಶ್ರೋತೃ ಮನೆಯ ನಾಯಿ. ಅದೂ ಹೋದ ಚಳಿಗಾಲದಿಂದ ಕಿವುಡಾಗಿತ್ತು.

"ಮಳೆ ಬರೋದು ನಿನಗೆ ಮುಂಚೆನೇ ಹೇಗೆ ಗೊತ್ತಾಗುತ್ತೆ? ಹೇಳು, ಬರ್ಕೋತೀನಿ."

"ಅದರಲ್ಲೇನಿದೆ? ಅಂಬರಗುಬ್ಬಿ ನೆಲ ಸವರ್ಕೊಂಡು ಹಾರುತ್ತೆ. ಇರುವೆ ಮೊಟ್ಟೆ ಹೊತ್ಕೊಂಡು ಮೇಲೆ ಹತ್ತುತ್ತೆ. ಒಲೆ ಹೊಗೆ ಮೇಲಕ್ಕೆ ಹೋಗದೆ ಅಂಗಳದಲ್ಲೇ ಮಲಗುತ್ತೆ. ನನ್ನ ಎಡ ಮಂಡಿ ನೋಯುತ್ತೆ. ಎದ್ದು ಹೋಗಿ ಸಾಸಿನ ಭರಣಿ ಮುಚ್ತೀನಿ. ಮುಗೀತು."

"ಇಷ್ಟೇನಾ?"

"ಮತ್ತೇನು, ಮಳೆ ಕಾಗದ ಬರೆದು ತಿಳಿಸುತ್ತಾ?"

ಈ ನಾಲ್ಕು ಸಾಲನ್ನು ಮೇಷ್ಟ್ರು ನಲವತ್ತು ಪುಟಕ್ಕೆ ಹಿಗ್ಗಿಸಿದರು. ಒಬ್ಬ ಡ್ರಾಗನ್ ರಾಜ ಬಂದ. ಅವನಿಗೆ ಏಳು ಹೆಣ್ಣುಮಕ್ಕಳು ಹುಟ್ಟಿದರು. ಎರಡು ಯುದ್ಧ ನಡೆದವು. ಹೆಂಡತಿಯ ಮಂಡಿನೋವು ರಾಜನ ಹಲ್ಲುನೋವಾಗಿ ಬಡ್ತಿ ಪಡೆಯಿತು. ಭರಣಿ ಮುಚ್ಚುವ ಮಾತಿಗೆ ಮಾತ್ರ ಜಾಗ ಸಾಲಲಿಲ್ಲ.

ಕಥೆ ಕೇಳಲು ಟೀಚರುಗಳು ಮನೆಗೆ ಬರುವ ದಿನವೇ ಮಲ್‌ಸುನ್ ಪೇಟೆಗೆ ಹೋಗಬೇಕಿತ್ತು. ಮಾರನೇ ದಿನ ಅಕ್ಕನ ಮೊಮ್ಮಗಳ ಮದುವೆ. ತಲೆಗೂದಲು ಗುಂಗುರು ಮಾಡಿಸಿಕೊಳ್ಳದೆ ಹೋದರೆ ಮರ್ಯಾದೆ ಏನು ಉಳಿಯುತ್ತದೆ? ಅಂಗಳದ ಮೂಲೆಯ ಕಟ್ಟೆಯ ಮೇಲೆ ಸೋಯಾ ಸಾಸಿನ ಹನ್ನೊಂದು ದೊಡ್ಡ ಭರಣಿಗಳು ಬಾಯಿ ತೆರೆದು ಬಿಸಿಲು ಕುಡಿಯುತ್ತಿದ್ದವು. ಹನ್ನೆರಡನೆಯದು ಮಂಡಿಯೆತ್ತರದ ಪುಟ್ಟ ಭರಣಿ. ಅದರಲ್ಲಿದ್ದದ್ದು ಮಲ್‌ಸುನ್‌ರ ತಾಯಿ ಅರವತ್ತು ವರ್ಷದ ಹಿಂದೆ ಹಾಕಿದ ಸಾಸು. ವರ್ಷಕ್ಕೊಂದು ಸೌಟು ಹೊಸದು ಬೆರೆಸಿ ಉಳಿಸಿಕೊಂಡು ಬಂದದ್ದು. ಅಮ್ಮ ಹೋಗಿ ಇಪ್ಪತ್ತು ವರ್ಷವಾದರೂ ಆಕೆಯ ಕೈರುಚಿ ಆ ಭರಣಿಯಲ್ಲಿತ್ತು. ಮಳೆನೀರು ಬಿದ್ದರೆ ಹುಳಿತು ಹೋಗುತ್ತಿತ್ತು.

"ರೀ, ಮಳೆ ಸೂಚನೆ ಕಂಡ್ರೆ ಮುಚ್ಚಳ ಹಾಕಿ. ಮೊದಲು ಅಮ್ಮನ ಭರಣಿ."

ಮೇಷ್ಟ್ರು ಕಾಗದದ ಕಂತೆ ಹಿಡಿದು ಕನ್ನಡಕ ಒರೆಸುತ್ತಿದ್ದರು. "ಯಾರಿಗೆ ಹೇಳ್ತಿದ್ದೀಯೇ? ಮಳೆ ಸೂಚನೆ ಮೇಲೆ ನಲವತ್ತು ಪುಟ ಬರೆದೋನಿಗಾ?"

ಮಲ್‌ಸುನ್ ಆ ಕಂತೆಯನ್ನೊಮ್ಮೆ, ಕನ್ನಡಕವನ್ನೊಮ್ಮೆ ನೋಡಿದರು. ಕಟ್ಟೆಯ ಕಡೆ ಹೋಗಿ ಬಂದು ಬಸ್ಸಿಗೆ ಹೊರಟರು.

ಟೀಚರುಗಳು ಚಾಪೆಯ ಮೇಲೆ ಸಾಲಾಗಿ ಕೂತರು. ಎಲ್ಲರಿಗೂ ಬಾರ್ಲಿ ಚಹಾ. ಮೇಷ್ಟ್ರು ಭರಣಿಗಳಿಗೆ ಬೆನ್ನು ಹಾಕಿ ನಿಂತು ಓದತೊಡಗಿದರು. ಹನ್ನೆರಡನೇ ಪುಟದಲ್ಲಿ "ಆಗ ಅಂಬರಗುಬ್ಬಿಗಳು ಇಳಿದು ಬಂದವು!" ಎಂದದ್ದೇ ತಡ, ನಾಲ್ಕು ಹಕ್ಕಿಗಳು ಟೀಚರುಗಳ ಲೋಟ ಸವರಿಕೊಂಡು ಹೋದವು.

"ಅಬ್ಬಾ, ಏನು ಏರ್ಪಾಡು ಮೇಷ್ಟ್ರೇ! ಹಕ್ಕಿಗಳನ್ನೂ ಪಳಗಿಸಿದ್ದೀರಾ?"

ಮೇಷ್ಟ್ರು ಉಬ್ಬಿದರು. ಹತ್ತೊಂಬತ್ತನೇ ಪುಟದಲ್ಲಿ ಇರುವೆಗಳು ಅವರ ಪ್ಯಾಂಟಿನೊಳಗೇ ಮೊಟ್ಟೆ ಸಾಗಿಸಿದವು. ಅದನ್ನವರು ಸ್ವಂತ ಕಥೆಗೆ ಬಂದ ರೋಮಾಂಚನವೆಂದು ತಿಳಿದರು. ಇಪ್ಪತ್ತೇಳರಲ್ಲಿ ಪಕ್ಕದ ಮನೆಯ ಹೊಗೆ ಅಂಗಳದ ತುಂಬ ಮಲಗಿತು. ಟೀಚರುಗಳ ಕಣ್ಣಲ್ಲಿ ನೀರು. "ಅತ್ತುಬಿಡಿ, ತಡೀಬೇಡಿ," ಎಂದರು ಮೇಷ್ಟ್ರು ಕರುಣೆಯಿಂದ. "ಇದು ಹೃದಯ ಕಲಕೋ ಭಾಗ."

ಎಲ್ಲರಿಗಿಂತ ಚಿಕ್ಕವಳಾದ ಯೇಜಿ ಟೀಚರು ಅರ್ಧ ಎದ್ದಳು. "ಮೇಷ್ಟ್ರೇ, ಮೋಡ..."

"ಪ್ರಶ್ನೆಗಳು ಕೊನೆಗೆ!"

ಪಕ್ಕದವರು ಅವಳ ಕೋಟು ಹಿಡಿದೆಳೆದು ಕೂರಿಸಿದರು. ಹಿರಿಯರು ಮಾತಾಡುವಾಗ ಮಧ್ಯೆ ಏಳುವುದುಂಟೇ? ಆರು ಜನರೂ ಮಡಿಲಲ್ಲಿ ಕೈಯಿಟ್ಟು, ಕಪ್ಪಾಗುತ್ತಿದ್ದ ಆಕಾಶ ನೋಡುತ್ತ, ಸಂಭಾವಿತರಾಗಿ ಕುಳಿತರು. ಮೂವತ್ತಮೂರನೇ ಪುಟದಲ್ಲಿ ಡ್ರಾಗನ್ ರಾಜನ ಹಲ್ಲು ಕಿತ್ತುಕೊಂಡು ಬಂತು. ಆಕಾಶವೂ ಕಿತ್ತುಕೊಂಡು ಬಿತ್ತು!

"ಭರಣಿ!" ಎಂದು ಮೇಷ್ಟ್ರು ಚೀರಿದ್ದು ಬೆಟ್ಟದಾಚೆಗೂ ಕೇಳಿಸಿತಂತೆ. ಟೀಚರುಗಳು ಸಿಕ್ಕಿದ ಮುಚ್ಚಳ ಸಿಕ್ಕಿದ ಭರಣಿಗೆ ಹಾಕಿದರು. ಹನ್ನೊಂದರಲ್ಲಿ ಸಣ್ಣದರ ಮುಚ್ಚಳ ಎಲ್ಲಕ್ಕಿಂತ ದೊಡ್ಡದರೊಳಗೆ ಮುಳುಗಿಯೇ ಹೋಯಿತು. ಕನ್ನಡಕದ ತುಂಬ ನೀರಾಗಿ ಏನೂ ಕಾಣದ ಮೇಷ್ಟ್ರು ಅಂದಾಜಿನಲ್ಲೇ ಪುಟ್ಟ ಭರಣಿಯ ಮೇಲೆ ಕೋಟು ಎಸೆದು, ಅದರ ಮೇಲೆ ತಾವೇ ಬೋರಲು ಬಿದ್ದರು.

ಒಂದು ಗಂಟೆ ಹಾಗೇ ಇದ್ದರು, ಕಾವು ಕೂತ ಕೋಳಿಯ ಹಾಗೆ! ಹೊಟ್ಟೆಗೆ ಏನೋ ಚೂಪಾಗಿ ಒತ್ತುತ್ತಿತ್ತು. ಪಶ್ಚಾತ್ತಾಪ ಅಂದರೆ ಹೀಗೇ ಇರುತ್ತದೆ ಎಂದುಕೊಂಡು ಸಹಿಸಿದರು.

ಮಳೆ ನಿಲ್ಲುವ ಹೊತ್ತಿಗೆ, ಹೊಸ ಗುಂಗುರಿನ ಮೇಲೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಮಲ್‌ಸುನ್ ಬಂದರು.

"ಏನ್ರೀ ಇದು?"

"ನಿಮ್ಮಮ್ಮನ್ನ ಕಾಪಾಡ್ತಿದ್ದೀನಿ ಕಣೇ! ಆದ್ರೆ ನೀರು ಒಳಗೆ ಹೋಗಿಬಿಟ್ಟಿದೆಯೋ ಏನೋ..." ಮೇಷ್ಟ್ರು ಭರಣಿಯನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡರು. "ನಾನು ಮರೆತೆ. ನಲವತ್ತು ಪುಟ ಬರೆದು ಮರೆತೆ."

"ಏಳಿ ಮೇಲೆ."

ಕೋಟು ತೆಗೆದರು. ಭರಣಿಗೆ ಮುಚ್ಚಳ ಭದ್ರವಾಗಿತ್ತು. ಮುಚ್ಚಳದ ಮೇಲೊಂದು ಚೂಪು ಕಲ್ಲು ಇತ್ತು. ಅದು ಮೇಷ್ಟ್ರ ಪಶ್ಚಾತ್ತಾಪ!

ಮಲ್‌ಸುನ್ ಮುಚ್ಚಳ ಎತ್ತಿ ಮೂಸಿ ನೋಡಿ, ಮತ್ತೆ ಮುಚ್ಚಿದರು. ಒದ್ದೆ ಮುದ್ದೆಯಾಗಿದ್ದ ಯೇಜಿ ಪೆನ್ನು ತೆಗೆದಳು. "ಅಮ್ಮಾ, ಬೆಳಿಗ್ಗೆ ಒಂದು ಚೂರು ಮೋಡ ಇರ್ಲಿಲ್ಲ. ನೀವು ಯಾವ ಸೂಚನೆ ನೋಡಿ ಮುಚ್ಚಿದ್ರಿ? ಗುಬ್ಬಿನಾ? ಇರುವೆನಾ? ಹೊಗೆನಾ?"

"ಅವೆಲ್ಲ ಒಂದೊಂದು ಸಲ ತಪ್ಪುತ್ವೆ ಕಣಮ್ಮ. ಐದನೇದು ಬರ್ಕೋ. ಈ ಮನುಷ್ಯ ಕಾಗದ ಹಿಡ್ಕೊಂಡು ಕನ್ನಡಕ ಒರೆಸಿದ್ರೆ, ಎಂಥಾ ಬಿಸಿಲಿದ್ರೂ ನಾನು ಅಮ್ಮನ ಭರಣಿಗೆ ಮುಚ್ಚಳ ಹಾಕಿಬಿಡ್ತೀನಿ!"