ಕೊನೆಯ ಸಾಲು ಓದದವನು

ಆ ಬೆಳಿಗ್ಗೆ ಅವನು ಒತ್ತಿದ್ದು ಒಂದೇ ಒಂದು ಗುಂಡಿ. ಒತ್ತುವ ಮುಂಚೆ ಕನ್ನಡಕ ಒರೆಸಿಕೊಂಡಿದ್ದ, ನೀರು ಕುಡಿದಿದ್ದ, ಬಾಗಿಲ ಕಡೆ ನೋಡಿಕೊಂಡಿದ್ದ. ಅಷ್ಟು ಜಾಗ್ರತೆಯ ಮನುಷ್ಯ.

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಬೇರೆಯವರು ಕಾಲು ತುಳಿದರೂ “ತಪ್ಪಾಯ್ತು” ಎನ್ನುವವನು ಅವನೇ ಆದ್ದರಿಂದ ಅಂಗಡಿಯವರೆಲ್ಲ ಅವನನ್ನು ತಪ್ಪಾಯ್ತಪ್ಪ ಎಂದೇ ಕರೆಯುತ್ತಿದ್ದರು. ಸಂಜೆ ಕ್ಲಾಸಿನಲ್ಲಿ ಕಂಪ್ಯೂಟರ್ ಕಲಿತವನೆಂದು ಯಜಮಾನರು ಹಿಂದಿನ ದಿನ ಅವನ ತಲೆಗೆ ಒಂದು ಕೆಲಸ ಕಟ್ಟಿದ್ದರು.

“ಬ್ಲಾಗಲ್ಲಿ ಬರೆದದ್ದು ತಾನಾಗೇ ಸೋಶಿಯಲ್ ಮೀಡಿಯಾಗೂ ಹೋಗೋ ಹಾಗೆ ಪ್ಲಗಿನ್ ಅಂತ ಏನೋ ಇದೆಯಂತೆ. ಅಂಗಡಿ ಬ್ಲಾಗಿಗೆ ಹಾಕು. ಕಲ್ತಿದ್ರೆ ನಿನಗೂ ಉಪಯೋಗಕ್ಕೆ ಬರುತ್ತೆ.”

ಅಂಗಡಿಯ ಬ್ಲಾಗಿಗೆ ನೇರವಾಗಿ ಕೈ ಹಾಕಲು ಅವನಿಗೆ ಧೈರ್ಯವಾಗಲಿಲ್ಲ. ಕೆಟ್ಟರೆ ತನ್ನದೇ ಕೆಡಲಿ ಎಂದು ಮೊದಲು ತನ್ನ ಬ್ಲಾಗಿನ ಮೇಲೆ ಪ್ರಯೋಗಕ್ಕಿಳಿದ. ಹೌದು, ಅವನಿಗೊಂದು ಗುಟ್ಟಿನ ಬ್ಲಾಗಿತ್ತು. ನಾಲ್ಕು ವರ್ಷದಿಂದ ಸುಳ್ಳು ಹೆಸರಿನಲ್ಲಿ ಅಂಗಡಿಯವರ ಮೇಲೆಯೇ ನಗೆಬರಹ ಬರೆಯುತ್ತಿದ್ದ. ಓದುಗ ಒಬ್ಬನೇ. ‘ಬಡ ಓದುಗ’ ಎಂದು ಹೆಸರಿಟ್ಟುಕೊಂಡ ಆ ಪುಣ್ಯಾತ್ಮ ಪ್ರತಿ ಬರಹದ ಕೆಳಗೂ ತಪ್ಪದೆ “ಸೊಗಸಾಗಿದೆ. ಮುಂದುವರಿಸಿ” ಎಂದು ಬರೆಯುತ್ತಿದ್ದ. ಆ ಮಾತಿಗಾಗಿ ತಪ್ಪಾಯ್ತಪ್ಪ ವಾರವಿಡೀ ಕಾಯುತ್ತಿದ್ದ.

“ಅದನ್ನೂ ನೀವೇ ಬರ್ಕೊಳ್ತೀರಾ ಹೇಗೆ?” ಎಂದು ಹೆಂಡತಿ ಛೇಡಿಸಿದ್ದೂ ಉಂಟು.

ಪ್ಲಗಿನ್ನು ಸೋಶಿಯಲ್ ಮೀಡಿಯಾದ ಯಾವ ಪೇಜಿಗೆ ಜೋಡಿಸಲಿ ಎಂದು ಕೇಳಲೇ ಇಲ್ಲ. ಅಂಗಡಿಯ ಕಂಪ್ಯೂಟರು, ಅದಕ್ಕೆ ಗೊತ್ತಿದ್ದದ್ದು ಅಂಗಡಿಯ ಪೇಜೊಂದೇ. ಗುಂಡಿ ಒತ್ತಿದ್ದೇ ತಡ, ಅಂಗಡಿಯ ಬೋರ್ಡಿನ ಚಿತ್ರದ ಕೆಳಗೆ ಅವನ ನಾಲ್ಕು ವರ್ಷದ ಬರಹಗಳು ಬಾಗಿಲು ತೆರೆದ ಕೂಡಲೇ ಬಸ್ಸಿಂದ ಇಳಿಯುವ ಜನರಂತೆ ಒಂದರ ಮೇಲೊಂದು ಬಿದ್ದವು. ಎಲ್ಲಕ್ಕಿಂತ ಮೇಲೆ ಯಜಮಾನರ ಕುರಿತ ‘ಟೋಪನ್ ದೊರೆ’. ಅವರ ತಲೆಗೂದಲು ಅವರದಲ್ಲ ಎಂಬುದೇ ಅದರ ಸಾರಾಂಶ.

ಅಳಿಸಲು ಹೋದ. “ಮುಂದುವರಿಯಲು ಪೇಜಿನ ಮಾಲೀಕರ ಮೊಬೈಲಿಗೆ ಬರುವ ಸಂಖ್ಯೆಯನ್ನು ಹಾಕಿ” ಎಂದಿತು. ಬೇರೇನೂ ತೋಚದೆ ಗಾಜು ಒರೆಸುವ ಬಟ್ಟೆಯನ್ನು ಕಂಪ್ಯೂಟರಿನ ಮುಖಕ್ಕೆ ಹೊದಿಸಿಬಿಟ್ಟ.

ಅಷ್ಟರಲ್ಲಿ ಕೌಂಟರಿನ ಅಕ್ಕ ಮೊಬೈಲು ನೋಡಿಕೊಂಡು ನಗುತ್ತ ಒಳಗೆ ಬಂದಳು. ಇವನನ್ನು ಕಂಡು ನಗು ನಿಲ್ಲಿಸಿದಳು. ಓದಿಯೇ ಬಂದಿದ್ದಾಳೆ ಎಂದುಕೊಂಡ ತಪ್ಪಾಯ್ತಪ್ಪ ಎದ್ದು ನಿಂತ.

“ಅಕ್ಕ, ತಪ್ಪಾಯ್ತು. ಅದು ಬರೆದದ್ದು ನಾನೇ.”

“ಯಾವುದು?”

ಎಂಥ ದೊಡ್ಡ ಮನಸ್ಸು, ಏನೂ ಗೊತ್ತಿಲ್ಲದವಳ ಹಾಗಿದ್ದಾಳೆ ಎಂದುಕೊಂಡ. ಅವನ ಕಣ್ಣು ತುಂಬಿತು. “ದಿನಾ ಸಾಯಂಕಾಲ ಶೋಕೇಸಿನ ಹೊಸ ಫ್ರೇಮು ಹಾಕ್ಕೊಂಡು ಮನೆಗೆ ಹೋಗಿ ಬೆಳಿಗ್ಗೆ ಒರೆಸಿ ಇಡ್ತೀಯಲ್ಲ, ಅದು. ನಾದಿನಿ ಎದುರು ಮೆರೆಯೋಕೆ ಅಂತ ಬೇರೆ ಬರೆದುಬಿಟ್ಟೆ.”

ಅಕ್ಕ ಮೂಗಿನ ಮೇಲಿದ್ದ ಫ್ರೇಮನ್ನು ಮೆಲ್ಲಗೆ ತೆಗೆದು ಶೋಕೇಸಿನಲ್ಲಿಟ್ಟಳು. “ಇನ್ನೂ ಯಾರ್ಯಾರ ಮೇಲೆ ಬರೆದಿದೀಯಪ್ಪ?” ಎಂದಳು. ದನಿ ತೀರ ಮೆತ್ತಗಿತ್ತು.

ಆಮೇಲೆ ಬಂದವರು ಕಣ್ಣು ಪರೀಕ್ಷೆ ಮಾಡುವವರು. ಡಾಕ್ಟರಲ್ಲದಿದ್ದರೂ ಎಲ್ಲರೂ ಅವರನ್ನು ಡಾಕ್ಟ್ರೇ ಎನ್ನುತ್ತಿದ್ದರು. ನಮಸ್ಕಾರ ಎಂದರೆ ಉತ್ತರವಿಲ್ಲ, ಕೆನ್ನೆ ಊದಿಕೊಂಡಿದೆ. ಸಿಟ್ಟು ಒಂದೇ ಕೆನ್ನೆಗೆ ಬಂದು ನಿಂತಿದೆಯೆಂದುಕೊಂಡ ತಪ್ಪಾಯ್ತಪ್ಪ, ಗಿರಾಕಿಯೊಬ್ಬರನ್ನು ಕೂರಿಸಿಕೊಂಡು ಪರೀಕ್ಷೆ ನಡೆಸುತ್ತಿದ್ದ ಅವರ ಬಳಿಗೇ ಹೋಗಿ ನಿಂತ.

“ತಪ್ಪಾಯ್ತು ಡಾಕ್ಟ್ರೇ. ಅಕ್ಷರದ ಬೋರ್ಡಿನ ಕೊನೇ ಸಾಲು ನಿಮಗೇ ಕಾಣ್ಸಲ್ಲ, ಬಾಯಿಪಾಠ ಹೇಳ್ತೀರ ಅಂತ ನಾನು ಬರೀಬಾರದಿತ್ತು.”

ಗಿರಾಕಿ ಒಂದು ಕಣ್ಣು ಮುಚ್ಚಿಕೊಂಡೇ ಎದ್ದರು. “ನಾನು ಇನ್ನೊಂದಿನ ಬರ್ತೀನಿ” ಎಂದು ಅದೇ ಒಂಟಿಗಣ್ಣಿನಲ್ಲಿ ಬಾಗಿಲು ಹುಡುಕಿಕೊಂಡು ಹೋದರು. ಡಾಕ್ಟ್ರು ಕೆನ್ನೆ ಒತ್ತಿ ಹಿಡಿದು ಕಷ್ಟದಲ್ಲಿ ಬಾಯಿ ತೆರೆದರು. “ಹಲ್ಲು ನೋವು ಅಂತ ಸುಮ್ನಿದ್ದೆ. ಏನಯ್ಯಾ ಇದು?”

ಆಗಲಾದರೂ ಅವನಿಗೆ ಅನುಮಾನ ಬರಬೇಕಿತ್ತು. ಆದರೆ ನಾಚಿಕೆ ಎನ್ನುವುದು ಇಳಿಜಾರಿನಲ್ಲಿ ಬ್ರೇಕು ಹೋದ ಸೈಕಲ್ಲು. ಯಜಮಾನರು ಬಾಗಿಲಲ್ಲಿ ಕಂಡದ್ದೇ ಓಡಿಹೋಗಿ ಅಕ್ಕ, ಡಾಕ್ಟ್ರು, ಪಕ್ಕದ ಅಂಗಡಿಯಿಂದ ಚಿಲ್ಲರೆ ಕೇಳಲು ಬಂದಿದ್ದ ದರ್ಜಿ, ಎಲ್ಲರೆದುರೂ ಕೈ ಮುಗಿದ.

“ಯಜಮಾನ್ರೇ, ನಿಮ್ಮ ತಲೆ ಮೇಲಿರೋದು ಟೋಪನ್ ಅಂತ ಊರಿಗೆಲ್ಲ ಗೊತ್ತಾಗಿಹೋಯ್ತು. ನನ್ನಿಂದ್ಲೇ.”

ಯಜಮಾನರ ಕೈ ತಾನಾಗಿ ತಲೆಗೆ ಹೋಯಿತು. ದರ್ಜಿ ಅಳತೆ ತೆಗೆಯುವವನ ಹಾಗೆ ಅಲ್ಲಿಗೇ ನೋಡಿದ. “ಹೌದಾ? ನಮಗ್ಯಾರಿಗೂ ಗೊತ್ತೇ ಇರ್ಲಿಲ್ಲ” ಎಂದ.

“ಪೇಜಲ್ಲಿ ಬಂದಿದೆಯಲ್ಲ” ಎಂದ ತಪ್ಪಾಯ್ತಪ್ಪ.

ಅಕ್ಕ ಮೊಬೈಲಿನಲ್ಲಿ ಅಂಗಡಿಯ ಪೇಜು ತೆರೆದಳು. “ಏನೂ ಇಲ್ವಲ್ಲೋ ಇಲ್ಲಿ. ಕನ್ನಡಕ ತೊಳೆಯೋದು ಹೇಗೆ ಅಂತ ಹೋದ ತಿಂಗಳು ಹಾಕಿದ್ದೇ ಕೊನೇದು. ನಾನು ಬೆಳಿಗ್ಗೆ ನಗ್ತಾ ಇದ್ದದ್ದು ತಂಗಿ ಮಗು ಫೋಟೋ ನೋಡಿ.”

ಡಾಕ್ಟ್ರು ಕಂಪ್ಯೂಟರಿನ ಮುಸುಕು ತೆಗೆದರು. ಪರದೆಯ ತಳಕ್ಕೆ ಬೆರಳಿಟ್ಟು, ಅಷ್ಟು ಹಲ್ಲುನೋವಿನಲ್ಲೂ ಸ್ಪಷ್ಟವಾಗಿ ಹೇಳಿದರು. “ಈಗ ನೀನು ಓದು. ಕೊನೇ ಸಾಲು.”

ಇರುವೆಯಷ್ಟು ಸಣ್ಣ ಅಕ್ಷರ. ತಪ್ಪಾಯ್ತಪ್ಪ ಬಗ್ಗಿ ಓದಿದ. “ಇದು ನಮೂನೆ ಮಾತ್ರ. ನಿಮಗಷ್ಟೇ ಕಾಣುತ್ತಿದೆ. ಒಪ್ಪಿಗೆ ಕೊಟ್ಟ ನಂತರ ಪ್ರಕಟವಾಗುತ್ತದೆ.”

ಯಜಮಾನರು ಅವನನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಮುಚ್ಚಿದರು. ಕೆಲಸ ಹೋಯಿತೆಂದು ಅವನು ತಲೆ ತಗ್ಗಿಸಿ ನಿಂತ. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಬಯ್ಯಲಿಲ್ಲ. ಟೋಪನ್ ತೆಗೆದು ಮೇಜಿನ ಮೇಲಿಟ್ಟರು. ಅದು ಮಲಗಿದ ಬೆಕ್ಕಿನ ಮರಿಯಂತೆ ಮುದುರಿಕೊಂಡಿತು.

“ಟೋಪನ್ ದೊರೆ ನೀನು ಬರೆದ ದಿನಾನೇ ಓದಿದೀನಪ್ಪ. ನಕ್ಕೂ ನಕ್ಕೂ ಇದೇ ಜಾರಿ ಬಿದ್ದಿತ್ತು. ಮೊದಲೊಂದು ದಿನ ನೀನು ಅಂಗಡಿ ಕಂಪ್ಯೂಟರಲ್ಲಿ ನಿನ್ನ ಬ್ಲಾಗು ತೆರೆದಿಟ್ಟೇ ಹೋಗಿದ್ದೆ; ನಾಲ್ಕು ವರ್ಷದಿಂದ ಒಂದೂ ಬಿಟ್ಟಿಲ್ಲ.”

ತಪ್ಪಾಯ್ತಪ್ಪ ತಲೆಯೆತ್ತಿದ. “ಬಡ ಓದುಗ...?”

“ನಾನೇ. ಇಷ್ಟು ಚೆನ್ನಾಗಿ ಬರೀತಾನೆ, ನನ್ನೊಬ್ಬನನ್ನ ಬಿಟ್ರೆ ಓದೋರಿಲ್ಲ ಅಂತ ಬೇಜಾರಿತ್ತು. ಅದಕ್ಕೇ ಪ್ಲಗಿನ್ ಕಲಿ ಅಂದದ್ದು. ಅಂಗಡಿ ಬ್ಲಾಗ್ ಯಾರಿಗೆ ಬೇಕು? ನನ್ನ ತಲೆ ವಿಷಯದ್ದೊಂದು ಬಿಟ್ಟು ಮಿಕ್ಕದ್ದು ಹಾಕ್ತೀಯ, ಅದು ನಮ್ಮಿಬ್ಬರಲ್ಲೇ ಇರುತ್ತೆ ಅಂತ ನಂಬಿದ್ದೆ.” ಅವರು ಬೋಳು ತಲೆ ಸವರಿಕೊಂಡರು. “ಇವತ್ತು ದರ್ಜಿಗೂ ಹೇಳಿದೆಯಲ್ಲೋ.”

“ತಪ್ಪಾಯ್ತು” ಎನ್ನಲು ಅವನು ಬಾಯಿ ತೆರೆದ. ಜನ್ಮದಲ್ಲಿ ಮೊದಲ ಸಲ ಆ ಮಾತು ಹೊರಗೆ ಬರಲಿಲ್ಲ.

ಮೇಜಿನ ಮೇಲಿದ್ದ ಯಜಮಾನರ ಮೊಬೈಲು ಟಣ್ ಎಂದಿತು. ಬಾಗಿಲಾಚೆಯಿಂದ ಅಕ್ಕನ ದನಿ ಸಕ್ಕರೆಯಂತೆ ಹರಿದುಬಂತು. “ಯಜಮಾನ್ರೇ, ಡಾಕ್ಟ್ರು ಇಲ್ಲಿ ಒಪ್ಪಿಗೆ ಅನ್ನೋದನ್ನ ಒತ್ತಿದಾರೆ. ನಾವೆಲ್ಲ ಓದ್ಬೇಕಂತೆ. ನಿಮ್ಮ ಮೊಬೈಲಿಗೆ ಒಂದು ನಂಬರ್ ಬಂದಿರ್ಬೇಕು, ಸ್ವಲ್ಪ ಹೇಳ್ತೀರಾ?”

ಯಜಮಾನರು ಮೊಬೈಲು ನೋಡಿದರು. ಟೋಪನ್ ನೋಡಿದರು. ತಪ್ಪಾಯ್ತಪ್ಪನನ್ನು ನೋಡಿದರು. ಇನ್ನು ಮುಚ್ಚಿಡುವುದಕ್ಕೆ ಅವರ ಬಳಿ ಏನೂ ಉಳಿದಿರಲಿಲ್ಲ.

“ಬರ್ಕೋ ತಾಯಿ” ಎಂದು ಅವರು ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಿದರು. “ಏಳು. ಸೊನ್ನೆ. ನಾಲ್ಕು. ಒಂಬತ್ತು. ಆಯ್ತಾ? ಹಾಂ, ಮುಂದುವರಿಸಿ.”